ಐದು ನಿಮಿಷದ ನೀರು

ಒನೊಮಿಚಿಯಿಂದ ಮುಕೈಶಿಮಾಗೆ ದೋಣಿಯಲ್ಲಿ ಐದೇ ನಿಮಿಷ.
ಹಗ್ಗ ಬಿಚ್ಚಿ, ಸರಪಳಿ ಎಳೆದು,
ಸೈಕಲ್ಲಿನ ಹುಡುಗರ ಚಿಲ್ಲರೆ ಎಣಿಸಿ ತಲೆ ಎತ್ತುವಷ್ಟರಲ್ಲಿ
ಆಚೆ ದಡ.
ಅಷ್ಟರೊಳಗೆ ಇಸೊಗಾಯಿ ಸೆತ್ಸುಕೊ
ಒಂದು ಊರನ್ನು ಬರೆದು ಮುಗಿಸಿರುತ್ತಾಳೆ.

ಮಂಗಳವಾರ, ಶುಕ್ರವಾರ. ಎಂಜಿನ್ನಿನ ಬಿಸಿ ತಾಕುವ ಬೆಂಚು.
ಮೊಣಕಾಲ ಮೇಲೆ ಅಂಗೈಯಗಲದ ಪುಸ್ತಕ,
ಪುದೀನಾ ಮಿಠಾಯಿಯ ಹಳೇ ಡಬ್ಬಿಯಲ್ಲಿ ಆರು ಬಣ್ಣ,
ಕೈಯಲ್ಲಿ, ಜಗತ್ತಿಗೇ ಮೂಗು ಮುರಿದಂತಿರುವ ಪೆನ್ನು.

ನಿಬ್ಬು ಬಾಗಿದೆಯಲ್ಲ, ಬಿತ್ತೇ? ಎಂದು ಕೇಳಿದ್ದೆ ಮೊದಲ ದಿನ.
ಬಿದ್ದಿಲ್ಲ, ಬಗ್ಗಿಸಿಯೇ ಮಾರುತ್ತಾರೆ, ಎಂದಳು.
ಆಮೇಲೆ ತೋರಿಸಿದಳು:
ಮಲಗಿಸಿದರೆ ಗೆರೆ ಕ್ರೇನಿನ ತೋಳಿನಷ್ಟು ದಪ್ಪ,
ಎಬ್ಬಿಸಿದರೆ ಗಾಳದ ದಾರ,
ಮಗುಚಿ ಹಿಡಿದರೆ
ಬೆಕ್ಕಿನ ಮೀಸೆ.
ಲೋಹ ಒಂದೇ. ಮಣಿಕಟ್ಟು ಏನು ಹೇಳಿದರೆ ಅದು.

ಮೂವತ್ತೊಂದು ವರ್ಷ ಹಡಗುಕಟ್ಟೆಯ ನಕ್ಷೆ ಕೋಣೆಯಲ್ಲಿದ್ದಳಂತೆ.
ಸ್ಕೇಲು, ಸೆಟ್‌ಸ್ಕ್ವೇರು, ಉಸಿರು ಬಿಗಿಹಿಡಿದು ಎಳೆದ ಗೆರೆ;
ಕೂದಲೆಳೆ ತಪ್ಪಿದರೆ ಬ್ಲೇಡಿನಿಂದ ಕೆರೆದು ಮತ್ತೆ ಮೊದಲಿನಿಂದ.
ಆ ಹಡಗುಗಳಲ್ಲಿ ಒಂದೂ ಮುಳುಗಿಲ್ಲ, ಎಂದಳು,
ಹೆಮ್ಮೆಯಿಂದಲ್ಲ,
ದೂರು ಕೊಡುವವಳ ಹಾಗೆ.

ಈಗ ನೋಡಿದರೆ ಬೆಟ್ಟದ ಮೇಲಿನ ಮನೆಗಳಿಗೆ
ಒಂದು ಗೋಡೆಯೂ ಪೂರ್ತಿ ಇಲ್ಲ.
ಗೆರೆ ಹೊರಡುತ್ತದೆ, ಎಲ್ಲೋ ಮರೆಯುತ್ತದೆ,
ಇನ್ನೆಲ್ಲೋ ನೆನಪಾಗಿ ಎದ್ದು ನಿಲ್ಲುತ್ತದೆ.
ಬಿಟ್ಟ ಸಂದಿಗಳಿಂದ ಬಣ್ಣ ಆಚೆ ಹರಿಯುತ್ತದೆ:
ಪರ್ಸಿಮನ್ ಹಣ್ಣಿನ ಕೇಸರಿ ಪಕ್ಕದ ಮನೆಯ ಮಾಡಿಗೆ,
ಸಮುದ್ರದ ನೀಲಿ ನನ್ನ ಪ್ಯಾಂಟಿಗೆ.
ಮಸಿ ಇನ್ನೂ ಹಸಿ. ನೀರು ತಾಕಿದ್ದೇ ತಡ, ಕಪ್ಪು ಬಿಚ್ಚಿಕೊಂಡು
ಇಷ್ಟು ದಿನ ಅಡಗಿಸಿಟ್ಟ ನೇರಳೆಯನ್ನು ಹೊರಗೆ ಬಿಡುತ್ತದೆ.

ಕುಣಿಯಲಾರದವರಿಗೆ ನೆಲ ಡೊಂಕು ಅನ್ನುತ್ತಾರಲ್ಲ,
ಇಲ್ಲಿ ನೆಲವೂ ಡೊಂಕು, ನಿಬ್ಬೂ ಡೊಂಕು,
ಟ್ಯಾಂಕರ್ ಹಾದುಹೋದರೆ ಬೆಂಚೂ ಡೊಂಕು.

ನಾನೂ ಇದ್ದೇನೆ ಪುಸ್ತಕದಲ್ಲಿ, ನಲವತ್ತೆರಡು ಸಲ.
ಒಮ್ಮೆಯೂ ಮುಖವಿಲ್ಲ.
ಬೆನ್ನಿಗೆ ಒಂದು ದಪ್ಪ ಒತ್ತು, ಹಗ್ಗಕ್ಕೆ ಒಂದು ಎಳೆ,
ಟೋಪಿ ಇರಬೇಕಾದಲ್ಲಿ ಒಂದು ತೊಟ್ಟು.
ಒಂದು ಹಾಳೆ ಕೇಳಿ ಇಸಕೊಂಡು ಹೆಂಡತಿಗೆ ತೋರಿಸಿದೆ.
ನೀವೇ, ಎಂದಳು, ಅನ್ನ ಬಡಿಸುತ್ತ.
ಬಲಗಾಲು ನೋಯುತ್ತಿದ್ದ ವಾರ.

ಒಂದು ಸಲ, ದೋಣಿ ಖಾಲಿ ಇದ್ದಾಗ, ಪೆನ್ನು ನನ್ನ ಕೈಗೆ ಕೊಟ್ಟಳು.
ಎದುರಿನ ಕಂಬ ಬರೆದೆ.
ಅಯ್ಯೋ ಕನಾಮರು, ನೇರ ಬಂದುಬಿಟ್ಟಿತಲ್ಲ, ಎಂದು ನಕ್ಕಳು,
ಆ ಕಾಯಿಲೆ ನನಗೂ ಇತ್ತು.

ನವೆಂಬರಿನ ಶುಕ್ರವಾರವೊಂದರಲ್ಲಿ ನೀರಿನ ಸೀಸೆ ಮರೆತು ಬಂದಳು.
ಬಕೆಟ್ಟು ಇಳಿಬಿಟ್ಟು
ಸಮುದ್ರವನ್ನೇ ಒಂದಿಷ್ಟು ಎತ್ತಿಕೊಟ್ಟೆ.
ಉಪ್ಪು, ಬಣ್ಣಕ್ಕೆ ಆಗಲಿಕ್ಕಿಲ್ಲ, ಎಂದೆ.
ಅವಳು ಆಗಲೇ ಕುಂಚ ಅದ್ದಿಯಾಗಿತ್ತು.
ಆ ಚಿತ್ರ ಒಣಗಲು ಮೂರು ದಾಟು ಹಿಡಿಯಿತು.
ಒಣಗಿದ ಮೇಲೆ ಹರಿದು ನನಗೇ ಕೊಟ್ಟಳು: ಅರ್ಧ ನಿನ್ನದು.

ಎಂಜಿನ್ ಕೋಣೆಯ ಬಾಗಿಲ ಒಳಮೈಗೆ ಅಂಟಿಸಿದ್ದೇನೆ.
ಬಿಸಿಲಿದ್ದರೆ ಅಲೆಗಳ ಮೇಲೆ ಉಪ್ಪಿನ ಹರಳು ಮಿನುಗುತ್ತವೆ.
ಮಳೆ ಬರುವುದಿದ್ದರೆ ಹಾಳೆಗೆ ಮೊದಲೇ ಗೊತ್ತಾಗಿ
ತಾನಾಗಿ ಬೆವರುತ್ತದೆ, ದಡ ಮತ್ತೆ ಕದಡುತ್ತದೆ.
ರೇಡಿಯೊದ ಹವಾಮಾನ ವರದಿ ಕೇಳುವುದನ್ನು ಬಿಟ್ಟಿದ್ದೇನೆ.

ಈಗಷ್ಟೇ ಮುಟ್ಟಿ ನೋಡಿದೆ.
ಬೆರಳಿಗೆ ನೀಲಿ ಅಂಟಿತು.
ಬೆಂಚು ಒರೆಸಿಡಬೇಕು, ಇವತ್ತು ಮಂಗಳವಾರ.